ತಲೆದೆಸೆಯ ಮಣ್ಣು

ಸಿನಿಮಾ ಬದಲಾಗಿದೆ ಎಂಬ ಸುದ್ದಿ ಬಂದಾಗ ಗೋವಿಂದರಾಜು ಕಲ್ಯಾಣ ಮಂಟಪದ ಹಿಂದಿನ ನಲ್ಲಿಯಲ್ಲಿ ಎರಡನೆಯ ಸಲ ಮುಖ ತೊಳೆಯುತ್ತಿದ್ದ. ಸುದ್ದಿ ತಂದವನು ವೆಂಕಟರಮಣಪ್ಪ. ದೊಡ್ಡಬಳ್ಳಾಪುರದಲ್ಲಿ ಎಂಟು ಪವರ್‌ಲೂಮ್ ಇಟ್ಟುಕೊಂಡಿದ್ದ ಆತ ಊರಿನ ಚಿತ್ರ ಸಮಾಜಕ್ಕೆ ಅಧ್ಯಕ್ಷ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಟೈಮ್ ಕೀಪರ್ ಆಗಿದ್ದ ಗೋವಿಂದರಾಜು ಕಾರ್ಯದರ್ಶಿ. ಅಧ್ಯಕ್ಷನಿಗೆ ಸಿನಿಮಾ ಅಂದರೆ ನಿದ್ದೆ. ದೀಪ ಆರಿದ ಐದು ನಿಮಿಷಕ್ಕೆ ಗೊರಕೆ. ಆದರೆ ಪರದೆ ಅವನದು, ತನ್ನ ಮಗ್ಗದಲ್ಲೇ ಬಿಳಿ ಬಟ್ಟೆ ನೇಯಿಸಿ ನಾಲ್ಕು ಪಟ್ಟಿ ಸೇರಿಸಿ ಹೊಲಿಸಿದ್ದು. ಅದರ ಮೇಲೆ ಎಂಥ ದೊಡ್ಡ ನಟ ಬಂದರೂ ಮೂಗಿನ ಮೇಲೊಂದು ಹೊಲಿಗೆ ಇದ್ದೇ ಇರುತ್ತಿತ್ತು. ಹೇಳಿದ್ದ ಸಿನಿಮಾದ ಡಿಸ್ಕಿಗೆ ಗೀರು ಬಿದ್ದಿದೆಯಂತೆ, ಬೆಂಗಳೂರಿನವರು ಬೇರೆ ಯಾವುದೋ ತರುತ್ತಿದ್ದಾರಂತೆ, ಕಾರು ಯಲಹಂಕ ದಾಟಿದೆಯಂತೆ ಎಂದು ವರದಿ ಒಪ್ಪಿಸಿದ ವೆಂಕಟರಮಣಪ್ಪ, ‘ನೀನಿದೀಯಲ್ಲ ಗುರು, ನೋಡ್ಕೊಂಡು ಹೇಳ್ಬಿಡು’ ಎಂದವನೇ ಕುರ್ಚಿ ಹಾಕಿಸಲು ಹೋದ.

ನೋಡಿಕೊಂಡು ಹೇಳಿಬಿಡುವುದು ಗೋವಿಂದರಾಜುವಿನ ಜಾಯಮಾನವಲ್ಲ. ಸಮಾಜದಲ್ಲಿ ಪರದೇಶದ ಸಿನಿಮಾ ತೋರಿಸಿದಾಗಲೆಲ್ಲ ಪರದೆಯ ಅಡಿಯಲ್ಲಿ ಬರುವ ಇಂಗ್ಲಿಷ್ ಸಾಲುಗಳನ್ನು ಮೈಕಿನಲ್ಲಿ ಕನ್ನಡಕ್ಕೆ ಹೇಳುವ ಕೆಲಸ ಅವನದು. ಅದಕ್ಕೆ ಅವನು ವಾರಗಟ್ಟಲೆ ತಯಾರಾಗುತ್ತಿದ್ದ. ಮೂರು ಸಲ ನೋಡಿ, ಮಾತು ಮಾತಿಗೂ ನೋಟ್‌ಬುಕ್ಕಿನಲ್ಲಿ ಕನ್ನಡ ಬರೆದು, ತಿದ್ದಿ, ಗಟ್ಟಿಯಾಗಿ ಓದಿ ನೋಡಿಕೊಳ್ಳುತ್ತಿದ್ದ. ಅದೂ ಅಪ್ಪಟ ಪುಸ್ತಕದ ಕನ್ನಡ. ಗೋವಿಂದರಾಜು ಬಾಯಲ್ಲಿ ಪ್ರಪಂಚದ ಕಳ್ಳರೆಲ್ಲ ‘ದಯವಿಟ್ಟು ಅಲುಗಾಡಬೇಡಿ’ ಅನ್ನುತ್ತಾರೆ ಎಂದು ನೇಕಾರರು ಆಡಿಕೊಳ್ಳುತ್ತಿದ್ದರು, ಆಡಿಕೊಳ್ಳುತ್ತಲೇ ಬರುತ್ತಿದ್ದರು. ಈ ಸಲದ್ದು ಮದುವೆಮನೆಯ ತಮಾಷೆಯ ಚಿತ್ರ. ನಗುವ ಕಡೆ ನಗು ಬರಲಿ ಎಂದು ಎರಡು ತಿಂಗಳು ಒದ್ದಾಡಿದ್ದ. ಆ ಧೈರ್ಯದ ಮೇಲೆಯೇ ಅಕ್ಕನನ್ನು ಕರೆದಿದ್ದು. ತಮ್ಮ ಮೈಕಿನಲ್ಲಿ ಮಾತಾಡುವುದನ್ನು ಒಂದು ಸಲವಾದರೂ ನೋಡಬೇಕೆಂದು ಮಾರಕ್ಕ ಎಷ್ಟೋ ವರ್ಷದಿಂದ ಕೇಳುತ್ತಿದ್ದಳು. ಈಗ ಎರಡು ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಸೂಲಿಬೆಲೆಯಿಂದ ಎರಡು ಬಸ್ಸು ಬದಲಾಯಿಸಿ ಬಂದು, ಮೂರನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿದ್ದ ಮಗ್ಗದ ಮುತ್ತಮ್ಮನಿಗೆ, ಇವತ್ತು ಹೇಳೋನು ನನ್ನ ತಮ್ಮ, ಎಂದು ಆಗಲೇ ಎರಡು ಸಲ ಹೇಳಿಯಾಗಿತ್ತು.

ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಇಸ್ರೇಲಿ ಮತ್ತು ಯಹೂದಿ ಚಿತ್ರೋತ್ಸವವನ್ನು ಒಂದು ಭಾನುವಾರದ ಮಟ್ಟಿಗಾದರೂ ಈ ಊರಿಗೆ ತರಬೇಕೆಂದು ಗೋವಿಂದರಾಜು ಮೂರು ವರ್ಷ ಕಾಗದ ಬರೆದಿದ್ದ. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಉತ್ಸವದ ಮುಖ್ಯಸ್ಥೆ ತಮಾರ್ ಎಂಬ ಹೆಂಗಸು ತಾನೇ ಫೋನು ಮಾಡಿ, ನಿಮ್ಮೂರಿನಲ್ಲಿ ಯಾರು ಬಂದು ನೋಡುತ್ತಾರೆ ಎಂದು ಕೇಳಿದ್ದಳು. ಸೀರೆ ನೇಯುವವರು ಎಂದಿದ್ದ. ಅವಳು ಒಪ್ಪಿದ್ದು ಅದಕ್ಕೇ ಇರಬೇಕು. ಫ್ರಾನ್ಸಿನದಲ್ಲ, ಇರಾನಿನದಲ್ಲ, ಅದೇ ಯಾಕೆ ಬೇಕು ನಿಂಗೆ ಎಂದು ಸಮಾಜದವರು ಕೇಳಿದರೆ ಒಳ್ಳೆಯ ಸಿನಿಮಾಗಳು ಎಂದು ತೇಲಿಸಿಬಿಡುತ್ತಿದ್ದ. ನಿಜ ನಾಲಗೆಯ ತನಕ ಬರುತ್ತಿರಲಿಲ್ಲ. ನಾಲ್ಕು ವರ್ಷದ ಕೆಳಗೆ, ಆ ಉತ್ಸವದ ಮೊದಲ ಸಲದ ಒಂದು ಶನಿವಾರ ಬೆಳಿಗ್ಗೆ, ಹನ್ನೊಂದು ಗಂಟೆಯ ಆಟಕ್ಕೆ, ಅವನು ಫೋನು ಆಫ್ ಮಾಡಿ ಕತ್ತಲೆಯಲ್ಲಿ ಕೂತಿದ್ದ. ಎರಡು ಕಾಲಿನ ಮಧ್ಯೆ ಒಂದು ಚೀಲ, ಚೀಲದೊಳಗೆ ಹೊಸ ಕುಡಿಕೆ. ಅದು ಖಾಲಿ ಇತ್ತು. ಆ ಸಿನಿಮಾಕ್ಕಾಗಿ ಕಳೆದುಕೊಂಡಿದ್ದು ಬರೀ ತನ್ನೊಬ್ಬನ ಚಪಲಕ್ಕೆ ಹೋಯಿತು ಎಂದಾಗಬಾರದು, ಅದರಿಂದ ಊರಿಗೂ ಏನೋ ದಕ್ಕಿತು ಎಂದಾಗಬೇಕು ಎಂಬ ಹುಚ್ಚು ಸಮಾಧಾನಕ್ಕೆ ಅವನು ಕಾಗದದ ಮೇಲೆ ಕಾಗದ ಬರೆದಿದ್ದ.

ಅಮ್ಮ ಮುನಿತಾಯಮ್ಮನನ್ನು ಮಣ್ಣು ಮಾಡಿದ್ದು ದೇವನಹಳ್ಳಿ ಕಡೆಯ ತಮ್ಮದೇ ಹೊಲದ ಹೊಂಗೆಮರದ ಬುಡದಲ್ಲಿ. ಅವರ ಕಡೆ ಸತ್ತವರು ಊರು ಬಿಟ್ಟು ಹೋಗುವುದಿಲ್ಲ, ಹೊಲದಲ್ಲೇ ಇರುತ್ತಾರೆ. ಉಳುವವರು ಅಲ್ಲಿಗೆ ಬಂದಾಗ ನೇಗಿಲು ತಿರುಗಿಸಿಕೊಳ್ಳುತ್ತಾರೆ. ವಿಮಾನ ನಿಲ್ದಾಣ ಬಂದಮೇಲೆ ಅದರ ಹಿಂದೆಯೇ ಬಂದ ಇನ್ಯಾವುದೋ ಕಾಮಗಾರಿಗೆ ಆ ಹೊಲವೂ ಹೋಯಿತು. ಹೋಗುವ ಮೊದಲು ಮಗನಾದವನು ಬೆಳಗಾಗೆದ್ದು, ಹಸಿದ ಹೊಟ್ಟೆಯಲ್ಲಿ ಹೋಗಿ, ಸಮಾಧಿಯ ತಲೆದೆಸೆಯಿಂದ ಒಂದು ಕುಡಿಕೆ ಮಣ್ಣು ತರಬೇಕು. ಅದನ್ನು ಬೇರೆ ಕಡೆ ಇಟ್ಟು ಗುಡ್ಡೆ ಮಾಡಿದರೆ ಸತ್ತವರು ಅಲ್ಲಿಗೆ ಬಂದಂತೆ. ಯಂತ್ರಗಳು ಬರುವುದು ಸೋಮವಾರ ಎಂದಿದ್ದರು. ಶನಿವಾರ ಬೆಳಿಗ್ಗೆ ಹೋಗ್ತೀನಿ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಸಾಯಂಕಾಲ ಹೋದರೂ ಶನಿವಾರವೇ ತಾನೆ ಎಂದುಕೊಂಡು ಸಿನಿಮಾಕ್ಕೆ ನುಗ್ಗಿದ. ಹೊರಗೆ ಬಂದು ಫೋನು ಹಾಕಿದಾಗ ಅಕ್ಕನ ಒಂಬತ್ತು ಕರೆ. ಯಂತ್ರಗಳು ಎರಡು ದಿನ ಮೊದಲೇ ಬಂದಿದ್ದವು. ಅವನು ಹೋಗಿ ನಿಂತಾಗ ಹೊಲ ಅಂಗೈಯ ಹಾಗೆ ಸಮವಾಗಿತ್ತು. ಹೊಂಗೆಮರ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸಲೂ ಆಗುತ್ತಿರಲಿಲ್ಲ. ತಂತಿ ಬೇಲಿಯ ಹತ್ತಿರ ಒಬ್ಬ ಕಾವಲಿನವನಿದ್ದ. ಕೇಳಿದ್ದರೆ ಒಳಗೆ ಬಿಡುತ್ತಿದ್ದನೋ ಏನೋ. ಏನೆಂದು ಕೇಳುವುದು, ಯಾಕೆ ಇಷ್ಟು ಹೊತ್ತು ಮಾಡಿದೆ ಅಂದರೆ ಏನು ಹೇಳುವುದು ಎಂದು ನಾಚಿ ಹಿಂದಕ್ಕೆ ಬಂದ.

ಬಾಶೆಟ್ಟಿಹಳ್ಳಿಯ ತಿರುವಿನಲ್ಲಿ ಪೈಪು ಹಾಕಲು ತೋಡಿದ್ದ ಗುಂಡಿಯ ಪಕ್ಕ ಮಣ್ಣಿನ ರಾಶಿ ಇತ್ತು. ಕುಡಿಕೆ ತುಂಬಲು ಒಂದು ನಿಮಿಷವೂ ಹಿಡಿಯಲಿಲ್ಲ. ಮಾರನೆಯ ದಿನ ಸೂಲಿಬೆಲೆಗೆ ಹೋಗಿ, ಹೊಲದಲ್ಲಿದ್ದೆ, ಅದಕ್ಕೇ ಫೋನು ಸಿಗಲಿಲ್ಲ ಎಂದು ಕುಡಿಕೆಯನ್ನು ಅಕ್ಕನ ಕೈಗಿತ್ತ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ‘ಅಷ್ಟ್ ಗಲಾಟೇಲೂ ಅಮ್ಮನ್ನ ಕರ್ಕೊಂಡ್ ಬಂದ್ಬಿಟ್ಟೆಯಲ್ಲೋ’ ಎಂದು ಅತ್ತುಬಿಟ್ಟಳು. ಬಾಡಿಗೆಯ ಮಹಡಿ ಮನೆಯಲ್ಲಿದ್ದ ಗೋವಿಂದರಾಜುವಿಗೆ ಇಡಲು ಜಾಗವೆಲ್ಲಿ? ಭಾವ ಚಿಕ್ಕಬೀರಪ್ಪ ತನ್ನ ತೋಟದ ಮೂಲೆ ಬಿಟ್ಟುಕೊಟ್ಟ. ವರ್ಷಾ ವರ್ಷಾ ಮಹಾಲಯ ಅಮಾವಾಸ್ಯೆಗೆ ಅಕ್ಕ ಅಲ್ಲಿ ಎಡೆ ಇಡುತ್ತಿದ್ದಳು. ಮಗನ ಕೈಯೇ ಮೊದಲು ಎಂದು ಅವನ ಕೈಯಲ್ಲೇ ಹಾಲು ತುಪ್ಪ ಬಿಡಿಸುತ್ತಿದ್ದಳು. ತಮ್ಮ ಯಂತ್ರಕ್ಕೆ ಅಡ್ಡ ನಿಂತು ಮಣ್ಣು ತಂದನಂತೆ ಎಂದು ಊರಲ್ಲಿ ಕಥೆಯೇ ಹುಟ್ಟಿತ್ತು. ಆ ಅಡ್ಡ ನಿಂತದ್ದನ್ನು ಅವನು ಹೇಳಿರಲಿಲ್ಲ, ಅಕ್ಕನ ಪ್ರೀತಿ ಸೇರಿಸಿದ್ದು. ಅಲ್ಲಗಳೆಯಲೂ ಇಲ್ಲ. ಹಾಲು ಬಿಡುವಾಗ ಪ್ರತಿ ಸಲ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅದನ್ನೂ ಅವಳು ಭಕ್ತಿಯೆಂದೇ ತಿಳಿದಿದ್ದಳು. ಈ ಸಲದ ಅಮಾವಾಸ್ಯೆಗೆ ಇನ್ನು ಐದೇ ದಿನವಿತ್ತು.

ತಮಾರ್ ಬಂದಾಗ ಎರಡೂವರೆ. ಐವತ್ತು ದಾಟಿದ ಹೆಂಗಸು, ಬಿಳಿ ಕೂದಲು, ಸವೆದ ಬೂಟು. ಪರದೆಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ ನೇಯ್ದವರು ಯಾರು ಎಂದು ಕೇಳಿದಳು. ವೆಂಕಟರಮಣಪ್ಪ ಮದುಮಗನ ಹಾಗೆ ನಾಚಿಕೊಂಡ. ಇಂಗ್ಲಿಷಿನಲ್ಲಿ ಅವಳು ಆಡಿದ ನಾಲ್ಕು ಮಾತನ್ನು ಗೋವಿಂದರಾಜು ಕನ್ನಡದಲ್ಲಿ ಹೇಳಿದ. ನಮ್ಮ ದೇಶದ ಹೆಸರು ನಿಮಗೆ ಪೇಪರಿನಲ್ಲಿ ಸಿಕ್ಕಿರುತ್ತದೆ, ಅಲ್ಲಿ ನಾವು ಯಾವಾಗಲೂ ಗುಂಡಿನ ಸದ್ದಿನ ಜೊತೆಗೇ ಬರುತ್ತೇವೆ. ಮನೆಯೊಳಗೆ ನಾವು ಹೇಗೆ ಜಗಳವಾಡುತ್ತೇವೆ, ಹೇಗೆ ಅಳುತ್ತೇವೆ ಎಂದು ತೋರಿಸಲು ಊರೂರು ಸುತ್ತುತ್ತಿದ್ದೇನೆ ಎಂದಳು. ಹಿಂದಿನ ಸಾಲಿನಿಂದ ಹೈಸ್ಕೂಲಿನ ಮೇಷ್ಟ್ರು ಪಿಳ್ಳಪ್ಪ ಎದ್ದು, ಆ ಗುಂಡಿನ ಆ ಕಡೆ ಇರುವವರ ಮನೆಯನ್ನು ಯಾರು ತೋರಿಸುತ್ತಾರೆ ಎಂದು ಕೇಳಿದರು. ಅವಳು ಸಿಟ್ಟಾಗಲಿಲ್ಲ. ಸರಿಯಾದ ಪ್ರಶ್ನೆ, ಅವರೂ ಸಿನಿಮಾ ಮಾಡುತ್ತಾರೆ, ಅದನ್ನೂ ತರಿಸಿ ನೋಡಿ. ನಮ್ಮಲ್ಲೂ ಕೆಲವರು ಇದನ್ನೇ ನಿಮಗಿಂತ ಗಟ್ಟಿಯಾಗಿ ಕೇಳುತ್ತಾರೆ ಎಂದಳು. ಮೇಷ್ಟ್ರು ತಲೆದೂಗಿ ಕೂತರು. ಇವತ್ತಿನ ಸಿನಿಮಾದ ಕಥೆ ಏನು ಎಂದು ಗೋವಿಂದರಾಜು ಮೆಲ್ಲಗೆ ಕೇಳಿದ. ಒಬ್ಬ ಬ್ರದರ್, ಒಬ್ಬಳು ಸಿಸ್ಟರ್, ಒಂದು ಸಾವಿನ ಮನೆ ಎಂದು ಅವಳು ಹೇಳುವಷ್ಟರಲ್ಲಿ ಯಾರೋ ದೀಪ ಆರಿಸಿದರು.

ಹಿಂದಿನ ಮೇಜಿನಲ್ಲಿ, ಸಣ್ಣ ಟಾರ್ಚಿನ ಬೆಳಕಿನಲ್ಲಿ, ಬರೆದದ್ದೇನೂ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಮೈಕು ಹಿಡಿದು ಕೂತ. ಬೀದಿಯಾಚೆ ಮಗ್ಗಗಳು ಭಾನುವಾರವೆಂದು ನೋಡದೆ ಬಡಿಯುತ್ತಿದ್ದವು. ಪರದೆಯ ಮೇಲೆ ಯಾವುದೋ ತಣ್ಣನೆಯ ದೇಶದ ಒಂದು ಊರು, ಮಂಚದ ಮೇಲೆ ಮುದುಕ, ಪಕ್ಕದಲ್ಲಿ ಮಗಳು, ಬಾಗಿಲಲ್ಲಿ ಮಗ. ‘ನನ್ನನ್ನು ಹೂಳುವಾಗ ಜೆರುಸಲೇಮಿನ ಒಂದು ಹಿಡಿ ಮಣ್ಣನ್ನು ನನ್ನ ತಲೆಯ ಅಡಿಯಲ್ಲಿ ಇಡತಕ್ಕದ್ದು’ ಎಂದು ಗೋವಿಂದರಾಜು ತನ್ನ ಎಂದಿನ ಕನ್ನಡದಲ್ಲಿ ಹೇಳಿದ. ಹೇಳಿ ಮುಗಿಸಿದ ಮೇಲೆ ಹೇಳಿದ್ದೇನೆಂದು ಕೇಳಿಸಿಕೊಂಡ. ಇದನ್ನು ಯಾರಾದರೂ ಬೇಕೆಂದೇ ಕಳಿಸಿದರೇ? ಡಿಸ್ಕಿಗೆ ಗೀರು ಬಿದ್ದದ್ದು ನಿಜವೇ? ಇಂಥ ಯೋಚನೆಗಳು ಎಷ್ಟು ಪೆದ್ದು ಎಂದು ಗೊತ್ತಿದ್ದೂ ಬಂದವು. ಮಗ ಮಣ್ಣು ತರಲು ವಿಮಾನ ಹತ್ತಿದ. ಅಲ್ಲಿ ಹೋದವನು ಜೆರುಸಲೇಮಿನ ಬೆಟ್ಟದ ಕಡೆ ಕಾಲಿಡಲಿಲ್ಲ. ಸಮುದ್ರದ ದಡದ ಹೋಟೆಲಿನಲ್ಲಿ ಒಬ್ಬಳ ಜೊತೆ ನಾಲ್ಕು ದಿನ ಇದ್ದ. ವಾಪಸು ಇಳಿದಾಗ ತಂದೆ ತೀರಿಕೊಂಡ ಸುದ್ದಿ. ಆಮೇಲಿನದಕ್ಕೆ ಮಾತೇ ಇರಲಿಲ್ಲ. ತನ್ನೂರಿನ ವಿಮಾನ ನಿಲ್ದಾಣದ ಹೊರಗೆ, ಹೂವಿನ ಕುಂಡದಿಂದ, ಆಚೀಚೆ ನೋಡಿ ಒಂದು ಹಿಡಿ ಬಗೆದು ಬಟ್ಟೆಯ ಚೀಲಕ್ಕೆ ಹಾಕಿಕೊಂಡ. ಮುನ್ನೂರು ಕಣ್ಣು ನೋಡಿದವು. ಮೂರನೆಯ ಸಾಲಿನ ಎರಡು ಕಣ್ಣೂ ನೋಡಿದವು.

ಆಗ ಗೋವಿಂದರಾಜು ಸುಳ್ಳು ಹೇಳಿದ. ಪರದೆಯಲ್ಲಿ ಮಗ ಗೊಣಗಿದ್ದು ಒಂದು ಬೈಗುಳ. ಮೈಕಿನಲ್ಲಿ ಬಂದದ್ದು, ‘ಬೆಟ್ಟದಿಂದ ತಂದ ಮಣ್ಣು ದಾರಿಯಲ್ಲಿ ಸ್ವಲ್ಪ ಚೆಲ್ಲಿತು, ಅದಕ್ಕೆ ಇದನ್ನು ಬೆರೆಸುತ್ತೇನೆ’ ಎಂದು. ಒಂದು ಸಲ ಜಾರಿದವನು ಜಾರುತ್ತಲೇ ಹೋದ. ಮುಂದಿನ ಮಾತುಗಳಲ್ಲಿ ಹೋಟೆಲಿನ ಹೆಂಗಸು ದಾರಿ ತೋರಿಸಿದವಳಾದಳು, ನಾಲ್ಕು ದಿನ ಮಳೆಯಿಂದ ತಡವಾದ ದಿನಗಳಾದವು. ತಮಾರ್ ಮಾತ್ರ ಕತ್ತಲೆಯಲ್ಲಿ ಒಮ್ಮೆ ತಿರುಗಿ ನೋಡಿದಳು. ಕನ್ನಡ ಬಾರದಿದ್ದರೂ ಮಾತಿನ ಉದ್ದದ ಅಳತೆ ಗೊತ್ತಾಗುತ್ತದಲ್ಲ. ತಂದೆಯನ್ನು ಹೂತರು, ಚೀಲದ ಮಣ್ಣನ್ನು ತಲೆಯ ಅಡಿಯಲ್ಲಿಟ್ಟರು. ಮನೆಯ ಕನ್ನಡಿಗೆ ಬಟ್ಟೆ ಹೊದಿಸಿ, ಅಕ್ಕ ತಮ್ಮ ತಗ್ಗು ಸ್ಟೂಲಿನ ಮೇಲೆ ಏಳು ದಿನದ ಸೂತಕಕ್ಕೆಂದು ಕೂತರು. ಅಷ್ಟು ಹೊತ್ತಿಗೆ ಸರಿಯಾಗಿ ಸಮಾಜದವರು ಟೀ ಮತ್ತು ಮಿಕ್ಸ್‌ಚರ್ ಹಂಚುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು. ಸೂತಕದ ಮನೆಯೆದುರು ಕೂತು ಬಾಯಾಡಿಸುವುದು ಹೇಗೆ? ಅವರಿಗೆ ಏಳೇ ದಿನವೇ ಎಂದು ಮುತ್ತಮ್ಮ ಪಿಸುಗುಟ್ಟಿದ್ದು ಹಿಂದಿನ ತನಕ ಕೇಳಿಸಿತು. ಅವರು ಯಾರೋ, ಯಾವ ಊರೋ, ಸತ್ತ ಮುದುಕನಿಗಾಗಿ ಇಲ್ಲಿ ಇಷ್ಟು ಜನ ಟೀ ಬಿಟ್ಟು ಕೂತಿದ್ದಾರೆ, ನಾನು ಅವರೆಲ್ಲರ ಕಿವಿಗೆ ಹೂವಿಡುತ್ತಿದ್ದೇನೆ ಎಂದು ಗೋವಿಂದರಾಜುವಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ಮೂರನೆಯ ಸಾಲಿನಲ್ಲಿ ಮಾರಕ್ಕನ ತಲೆ ಅಲುಗಾಡದೆ ನೆಟ್ಟಗಿತ್ತು.

ಪರದೆಯಲ್ಲಿ ಏಳನೆಯ ದಿನ ಬಂದವರೆಲ್ಲ ಹೋದಮೇಲೆ ಇಬ್ಬರೇ ಉಳಿದರು. ಅಕ್ಕ ತಮ್ಮನ ತಲೆ ಸವರಿ, ನೀನು ತಂದ ಮಣ್ಣಿನಿಂದ ಅಪ್ಪ ನೆಮ್ಮದಿಯಾಗಿ ಹೋದರು ಎಂದಳು. ಅದನ್ನು ಗೋವಿಂದರಾಜು ಇದ್ದದ್ದು ಇದ್ದ ಹಾಗೆ ಹೇಳಿದ. ಬದಲಾಯಿಸಲು ಮನಸ್ಸು ಬರಲಿಲ್ಲ. ತಮ್ಮ ನೆಲ ನೋಡುತ್ತಾ ಏನೋ ಅಂದ. ಅಡಿಯಲ್ಲಿ ಮೂರೇ ಇಂಗ್ಲಿಷ್ ಪದ ಬಂತು, ಅದು ಅಲ್ಲಿಯದಲ್ಲ ಎಂದು. ಪದಗಳು ಅಳಿಸಿಹೋದವು. ಮೈಕಿನಲ್ಲಿ ಬರೀ ಉಸಿರು ಕೇಳುತ್ತಿತ್ತು. ಮುಂದಿನ ಸಾಲುಗಳಲ್ಲಿ ಒಬ್ಬಿಬ್ಬರು ತಿರುಗಿದರು. ಆಮೇಲೆ ಅವನ ಬಾಯಿಂದ ಬಂದದ್ದು ಪುಸ್ತಕದ ಕನ್ನಡವಲ್ಲ.

‘ಅಕ್ಕ, ಆ ಮಣ್ಣು ಅಲ್ಲೀದಲ್ಲ. ನಾನ್ ಹೋಗಿದ್ದೇ ತಡವಾಗಿ ಕಣಕ್ಕ. ಬೆಳಿಗ್ಗೆ ಹೋಗ್ಬೇಕಿತ್ತು, ಸಾಯಂಕಾಲ ಹೋದ್ರಾಯ್ತು ಅಂದ್ಕೊಂಡೆ. ಫೋನ್ ಆಫ್ ಮಾಡಿ ಕತ್ಲಲ್ಲಿ ಕೂತಿದ್ದೆ, ಸಿನಿಮಾ ನೋಡ್ತಾ. ಹೋಗೋ ಹೊತ್ಗೆ ಎಲ್ಲಾ ಸಮ ಆಗ್ಬಿಟ್ಟಿತ್ತು. ಬೇಲಿ ಹತ್ರ ಇದ್ದೋನ್ನ ಒಂದ್ ಮಾತು ಕೇಳೋಕೂ ನಾಚ್ಕೆ ಆಯ್ತು. ಬರ್ತಾ ದಾರೀಲಿ ತುಂಬ್ಕೊಂಡೆ. ನಿನ್ ಕೈಗೆ ಕೊಟ್ಟೆ. ನೀನು ಕಣ್ಗೊತ್ಕೊಂಡೆ.’

ಇಷ್ಟು ಹೇಳುವಷ್ಟರಲ್ಲಿ ಪರದೆಯಲ್ಲಿ ಅಕ್ಕ ತಮ್ಮ ಕೋಟು ಹಾಕಿಕೊಂಡು ಬೀದಿಗಿಳಿದಿದ್ದರು. ಏಳು ದಿನ ಮುಗಿದ ಮೇಲೆ ಮನೆಯ ಸುತ್ತ ಒಂದು ಸುತ್ತು ನಡೆಯುವುದು ಅವರಲ್ಲಿ ಪದ್ಧತಿಯಂತೆ. ಅವಳು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ಒಂದು ಮಾತೂ ಇಲ್ಲ. ತಿರುವಿನಲ್ಲಿ ಇಬ್ಬರೂ ಮರೆಯಾಗಿ ಹೆಸರುಗಳು ಮೇಲೇರಿದವು, ದೀಪ ಹತ್ತಿತು. ಮುತ್ತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಆ ಹುಡುಗನಿಗೆ ಶಾಪ ಹಾಕುತ್ತಿದ್ದಳು. ಬೆಟ್ಟದಿಂದ ತಂದ ಅಂದ್ರಲ್ಲ ಮೊದ್ಲು ಎಂದು ಯಾರೋ ಕೇಳಿದರೆ, ಪಕ್ಕದವನು, ಅದು ಅವನು ಅಕ್ಕನಿಗೆ ಹೇಳ್ತಿದ್ದ ಸುಳ್ಳು, ಸರಿಯಾಗಿ ನೋಡ್ಬಾರ್ದೇನಯ್ಯಾ ಎಂದು ಬಿಡಿಸಿ ಹೇಳಿದ. ಎಂದೂ ಇಲ್ಲದೆ ಎಚ್ಚರವಾಗಿದ್ದ ವೆಂಕಟರಮಣಪ್ಪ ಬಂದು ಹೆಗಲು ತಟ್ಟಿ, ಇನ್ಮೇಲೆ ಹಿಂಗೇ ಹೇಳು, ಆ ನೋಟ್‌ಬುಕ್ ಸಹವಾಸ ಬಿಡು ಎಂದ. ತಮಾರ್ ಕೈಕುಲುಕಿ, ಆ ಒಂದು ಸಾಲಿಗೆ ನೀವು ಬಹಳ ಹೊತ್ತು ತಗೊಂಡಿರಿ ಎಂದಳು. ನಮ್ಮ ಭಾಷೆ ಸ್ವಲ್ಪ ಉದ್ದ ಮೇಡಂ ಎಂದ. ಅವಳು ನಗದೆ ಅವನ ಮುಖವನ್ನು ಒಂದು ಗಳಿಗೆ ನೋಡಿ ಕೈ ಬಿಟ್ಟಳು. ಜನ ಕರಗಿದರು. ಮೂರನೆಯ ಸಾಲಿನಲ್ಲಿ ಮಾರಕ್ಕ ಒಬ್ಬಳೇ ಖಾಲಿ ಪರದೆಯ ಕಡೆ ಮುಖ ಮಾಡಿ ಕೂತಿದ್ದಳು. ಟೀ ಲೋಟ ಕಾಲಬಳಿ ತುಂಬಿದಂತೆಯೇ ಇತ್ತು.

ಬಸ್ ಸ್ಟ್ಯಾಂಡಿನ ತನಕ ಅವಳ ಚೀಲ ಹಿಡಿದು ಅವನು ಪಕ್ಕದಲ್ಲಿ ನಡೆದ. ಬೈದರೆ ಸಾಕು, ಬೀದಿಯಲ್ಲೇ ಕೆನ್ನೆಗೆ ಹೊಡೆದರೆ ಇನ್ನೂ ಒಳ್ಳೆಯದು ಎಂದು ಬೇಡಿಕೊಳ್ಳುತ್ತಿದ್ದ. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ನಾಲ್ಕು ವರ್ಷ ಅಂದುಕೊಂಡಿದ್ದವನಿಗೆ ಹಾಗೇನೂ ಆಗಲಿಲ್ಲ. ಅದೂ ಮುಖ ನೋಡಿ ಹೇಳಲಿಲ್ಲವಲ್ಲ, ಯಾರದೋ ತಮ್ಮನ ಹಿಂದೆ ಅವಿತುಕೊಂಡು, ಕತ್ತಲೆಯಲ್ಲಿ, ನೂರೈವತ್ತು ಜನರ ನಡುವೆ ಹೇಳಿದೆನಲ್ಲ ಎಂದು ಹೇಸಿಗೆಯಾಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲು ಬೆಂಚಿನ ಮೇಲೆ ಕೂತು ಮಾರಕ್ಕ ಮೆಲ್ಲಗೆ ಕೇಳಿದಳು.

‘ಎಲ್ಲಿ ತುಂಬ್ಕೊಂಡೆ?’

‘ಬಾಶೆಟ್ಟಿಹಳ್ಳಿ ತಿರುವಿನಲ್ಲಿ. ಪೈಪ್ ಹಾಕೋಕೆ ತೋಡಿದ್ರು.’

ಮಾರಕ್ಕ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟು ನೋಡಿಕೊಂಡಳು.

‘ದಿನಾ ಸಾಯಂಕಾಲ ಹಾಲು ಕರೆದ್ಮೇಲೆ ಅಲ್ಲಿ ಹೋಗಿ ಕೂತ್ಕೋತಿದ್ದೆ ಕಣೋ. ಅದೂ ಇದೂ ಹೇಳ್ತಿದ್ದೆ. ನಾಲ್ಕ್ ವರ್ಷ ಯಾರ ಜೊತೆ ಮಾತಾಡ್ತಿದ್ದೆ ನಾನು?’

ಅಕ್ಕ ದಿನಾ ಹೋಗಿ ಕೂರುತ್ತಾಳೆಂದು ಗೋವಿಂದರಾಜುವಿಗೆ ಗೊತ್ತೇ ಇರಲಿಲ್ಲ. ವರ್ಷಕ್ಕೊಂದು ದಿನದ ಸುಳ್ಳು ಎಂದು ತಿಳಿದಿದ್ದ. ಅವನು ಬಿಕ್ಕಿದ. ಪಕ್ಕದ ಬೆಂಚಿನವರು ನೋಡಿದರು. ದೇವನಹಳ್ಳಿ ಬಸ್ಸು ಬಂದು ನಿಂತಾಗ ಅವಳು ಅವನ ಕೈಯಿಂದ ಚೀಲ ತೆಗೆದುಕೊಂಡು ತಾನೇ ಹತ್ತಿ ಕಿಟಕಿಯ ಸೀಟು ಹಿಡಿದಳು. ಅವನು ಕಿಟಕಿಯ ಕೆಳಗೆ ಹೋಗಿ ನಿಂತ. ಒಂದು ವಿಮಾನ ತಗ್ಗಿನಲ್ಲಿ ಹಾದುಹೋಗಿ ಏನೂ ಕೇಳಿಸದಂತಾಯಿತು. ಅದು ಹೋಗುವ ತನಕ ಅವಳು ಕಾದಳು. ಕಾದು, ಅವನ ಮುಖವನ್ನೇ ನೋಡುತ್ತಾ ಹೇಳಿದಳು.

‘ಅದನ್ನ ಈಗ ಕೀಳೋಕಾಗಲ್ಲ. ಅಮ್ಮಾ ಅಂತ ಕರೆದ್ಬಿಟ್ಟಿದೀನಿ, ಅಲ್ಲೇ ಇರ್ಲಿ. ಈ ಸಲ ಹಾಲು ತುಪ್ಪ ನಾನೇ ಬಿಡ್ತೀನಿ. ನೀನು ಮಧ್ಯಾಹ್ನದ ಹೊತ್ಗೆ ಬಂದು ಊಟ ಮಾಡ್ಕೊಂಡ್ ಹೋಗು.’

ಪ್ರತಿ ವರ್ಷ ಅಮಾವಾಸ್ಯೆಯ ದಿನ ಅಕ್ಕಪಕ್ಕದ ನಾಲ್ಕು ಮನೆಗೆ ಅಕ್ಕ ಹೀಗೇ ಊಟಕ್ಕೆ ಹೇಳಿಬರುತ್ತಿದ್ದಳು, ಮಾತೂ ಇದೇ, ದನಿಯೂ ಇದೇ. ‘ಬರ್ತೀನಕ್ಕ’ ಎಂದ ಗೋವಿಂದರಾಜು. ಕಂಡಕ್ಟರು ಸೀಟಿ ಊದಿದ.